ಆ ಏಳು ಸ್ಥಾನ ಯಾರಿಗೆ? ಪ್ರಮಾಣಾನುಗುಣ ಪ್ರಾತಿನಿಧ್ಯದ ಲೆಕ್ಕ ಮತ್ತು ತಕರಾರು

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯದಲ್ಲಿ ಅಂಕಿಗಳ ಕಾಟ ಸ್ವಲ್ಪ ಜಾಸ್ತಿ. ಪೆನ್ನು ಇದ್ದವರು ಮೂರು ಅಂಕಿ ಬರೆದಿಟ್ಟುಕೊಳ್ಳಿ: 46.1, 45.4, 5.6. ಇವು 2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಬಿಜೆಪಿ, ಕಾಂಗ್ರೆಸ್, ಜೆಡಿಎಸ್ ಪಡೆದ ಶೇಕಡಾವಾರು ಮತಗಳು. ಮಾತು ಮುಗಿಯುವ ತನಕ ಮತ್ತೆ ಮತ್ತೆ ಈ ಮೂರಕ್ಕೇ ಬರುತ್ತೇನೆ.

ಆ ಚುನಾವಣೆಯಲ್ಲಿ 28 ಸ್ಥಾನಗಳ ಪೈಕಿ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2 ಬಂದವು. ಮೊದಲ ಎರಡು ಪಕ್ಷಗಳ ಮತಗಳ ಅಂತರ ಶೇಕಡಾ ಒಂದೂ ಇಲ್ಲ, ಸ್ಥಾನಗಳ ಅಂತರ ಎಂಟು. ಅದಕ್ಕೂ ಹಿಂದೆ, 2019ರಲ್ಲಿ, ಬಿಜೆಪಿ ಶೇ 51ರಷ್ಟು ಮತಕ್ಕೆ 25 ಸ್ಥಾನ ಪಡೆಯಿತು. ಶೇ 32ರ ಆಸುಪಾಸಿನ ಮತ ಪಡೆದ ಕಾಂಗ್ರೆಸ್ಸಿಗೆ ದಕ್ಕಿದ್ದು ಬೆಂಗಳೂರು ಗ್ರಾಮಾಂತರ ಒಂದೇ.

ಇದನ್ನು ಒಂದು ಪಕ್ಷದ ದೂರು ಎಂದುಕೊಳ್ಳಬೇಡಿ. 1984ರಲ್ಲಿ ಕಾಂಗ್ರೆಸ್ ಸುಮಾರು ಶೇ 49 ಮತಕ್ಕೆ 514ರಲ್ಲಿ 404 ಸ್ಥಾನ ಬಾಚಿಕೊಂಡಿತು. ಶೇ 7ಕ್ಕಿಂತ ಹೆಚ್ಚು ಮತ ಪಡೆದ ಬಿಜೆಪಿಗೆ ಎರಡೇ. 2014ರಲ್ಲಿ ಬಿಎಸ್‌ಪಿ ದೇಶದಲ್ಲಿ ಮತಗಳ ಲೆಕ್ಕಕ್ಕೆ ಮೂರನೇ ದೊಡ್ಡ ಪಕ್ಷ, ಲೋಕಸಭೆಯಲ್ಲಿ ಸೊನ್ನೆ. 2015ರ ದೆಹಲಿ ವಿಧಾನಸಭೆಯಲ್ಲಿ ಆಮ್ ಆದ್ಮಿ ಪಕ್ಷ ಶೇ 54 ಮತಕ್ಕೆ 70ರಲ್ಲಿ 67 ಗೆದ್ದಿತು. ನಮ್ಮ 2018ರ ವಿಧಾನಸಭೆಯಂತೂ ತಲೆಕೆಳಗು: ಶೇ 38 ಮತ ಪಡೆದ ಕಾಂಗ್ರೆಸ್ಸಿಗೆ, ತಡವಾಗಿ ಮತದಾನ ನಡೆದ ಎರಡು ಕ್ಷೇತ್ರಗಳೂ ಸೇರಿ, 80, ಶೇ 36 ಪಡೆದ ಬಿಜೆಪಿಗೆ 104.

ಕಾರಣದಲ್ಲಿ ಗುಟ್ಟೇನೂ ಇಲ್ಲ. ಒಂದು ಕ್ಷೇತ್ರದಲ್ಲಿ ಒಂದು ಮತ ಮುಂದಿದ್ದರೂ ಗೆಲುವು ಒಂದೇ, ಎರಡು ಲಕ್ಷ ಮುಂದಿದ್ದರೂ ಗೆಲುವು ಒಂದೇ. ಮತ ರಾಜ್ಯದ ತುಂಬ ತೆಳ್ಳಗೆ ಹರಡಿದ ಪಕ್ಷ ಎಲ್ಲ ಕಡೆ ಎರಡನೇ ಸ್ಥಾನದಲ್ಲಿ ನಿಲ್ಲುತ್ತದೆ. ಕೆಲವೇ ಜಿಲ್ಲೆಗಳಲ್ಲಿ ಗಟ್ಟಿಯಾಗಿರುವ ಪಕ್ಷ ಅಷ್ಟರಲ್ಲೇ ಸ್ಥಾನ ಗಳಿಸುತ್ತದೆ. ‘ಶೇಕಡಾ ಇಷ್ಟು ಮತಕ್ಕೆ ಇಷ್ಟು ಸ್ಥಾನ’ ಎಂದು ನಮ್ಮ ಪದ್ಧತಿ ಎಂದೂ ಮಾತು ಕೊಟ್ಟಿಲ್ಲ. ಹಾಗೆ ಮಾತು ಕೊಡುವ ಪದ್ಧತಿಗೇ ಪ್ರಮಾಣಾನುಗುಣ ಪ್ರಾತಿನಿಧ್ಯ ಎಂದು ಹೆಸರು.

ಬೇಕೋ ಬೇಡವೋ ಎಂಬ ಚರ್ಚೆ ಎಪ್ಪತ್ತು ವರ್ಷದಿಂದ ನಡೆದಿದೆ. ಅದಕ್ಕಿಂತ ‘ಯಾವುದು’ ಎಂಬ ಪ್ರಶ್ನೆ ದೊಡ್ಡದು ಎಂಬುದು ನನ್ನ ವಾದ. ಒಂದೇ ಹೆಸರಿನ ಎರಡು ಪದ್ಧತಿಗಳು ಅದೇ ಮತಪೆಟ್ಟಿಗೆಯಿಂದ ಬೇರೆ ಬೇರೆ ಸಂಸತ್ತನ್ನು ಹೊರತೆಗೆಯುತ್ತವೆ. ಅದನ್ನು ಲೆಕ್ಕ ಮಾಡಿಯೇ ತೋರಿಸುತ್ತೇನೆ.

ಇದು ನಮ್ಮಲ್ಲಿ ಇಲ್ಲ ಅನ್ನಬೇಡಿ

ರಾಷ್ಟ್ರಪತಿಯ ಚುನಾವಣೆಗೆ ಸಂವಿಧಾನದ 55ನೇ ವಿಧಿ, ಉಪರಾಷ್ಟ್ರಪತಿಯದಕ್ಕೆ 66, ರಾಜ್ಯಸಭೆಗೆ 80, ವಿಧಾನ ಪರಿಷತ್ತಿಗೆ 171. ನಾಲ್ಕೂ ಕಡೆ ಬರೆದಿರುವುದು ಒಂದೇ: ಪ್ರಮಾಣಾನುಗುಣ ಪ್ರಾತಿನಿಧ್ಯ, ಏಕ ವರ್ಗಾವಣೀಯ ಮತ. ಅಂದರೆ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಕ್ರಮ ಬರೆಯುವುದು, ಒಬ್ಬರಿಗೆ ಬೇಡವಾದ ಮತ ಆ ಕ್ರಮದಲ್ಲಿ ಮುಂದಿನವರಿಗೆ ಹೋಗುವುದು. ವಿಧಾನಸೌಧದ ಕಾರಿಡಾರುಗಳಲ್ಲಿ ಓಡಾಡುವವರಿಗೆ ಇದರ ಲೆಕ್ಕ ಬಾಯಿಪಾಠ.

ಕರ್ನಾಟಕದಿಂದ ಸಾಮಾನ್ಯವಾಗಿ ಒಂದು ಸಲಕ್ಕೆ ನಾಲ್ಕು ರಾಜ್ಯಸಭಾ ಸ್ಥಾನ ತೆರವಾಗುತ್ತವೆ. ಮತ ಹಾಕುವ ಶಾಸಕರು 224. ಪ್ರತಿ ಮತಪತ್ರಕ್ಕೆ 100ರ ಮೌಲ್ಯ. ಒಟ್ಟು 22,400ನ್ನು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ, ಅಂದರೆ ಐದರಿಂದ, ಭಾಗಿಸಿ ಬಂದದ್ದಕ್ಕೆ ಒಂದು ಕೂಡಿಸಿದರೆ 4,481. ಇದೇ ಕೋಟಾ. ಹಾಗಾಗಿಯೇ ಪತ್ರಿಕೆಗಳಲ್ಲಿ ‘ಗೆಲ್ಲಲು 45 ಮತ ಬೇಕು’ ಎಂದು ಬರುತ್ತದೆ. ಒಬ್ಬ ಅಭ್ಯರ್ಥಿಗೆ 50 ಮೊದಲ ಪ್ರಾಶಸ್ತ್ಯದ ಮತ ಬಿತ್ತು ಅನ್ನಿ. 5,000ದಲ್ಲಿ 4,481 ಕಳೆದರೆ ಉಳಿಯುವುದು 519. ಆ ಐವತ್ತೂ ಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಇದ್ದರೆ ಒಂದೊಂದು ಪತ್ರ 10ರ ಮೌಲ್ಯದಲ್ಲಿ ಮುಂದಿನವರಿಗೆ ಹೋಗುತ್ತದೆ, ಅಪೂರ್ಣಾಂಕ ಬಿಟ್ಟುಬಿಡುತ್ತಾರೆ. ಅಂದರೆ 500, ಐದು ಪೂರ್ತಿ ಮತದ ಬೆಲೆ. ಹೆಚ್ಚುವರಿ ಮುಗಿದ ಮೇಲೂ ಸ್ಥಾನ ಉಳಿದಿದ್ದರೆ ಕೊನೆಯಲ್ಲಿರುವ ಅಭ್ಯರ್ಥಿಯನ್ನು ಕಣದಿಂದ ತೆಗೆದು ಅವರ ಪತ್ರಗಳನ್ನು ಹಂಚುತ್ತಾರೆ.

ಲೆಕ್ಕ ಗೊತ್ತಿದ್ದೂ ಕೂಡಿ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 2022ರ ಜೂನ್ ಸಾಕ್ಷಿ. ಬಿಜೆಪಿಗೆ ಎರಡು ಕೋಟಾ ತುಂಬಿ 30ರ ಆಸುಪಾಸಿನ ಮತ ಉಳಿಯುತ್ತಿತ್ತು. ಕಾಂಗ್ರೆಸ್ಸಿಗೆ ಒಂದು ಕೋಟಾ ತುಂಬಿ ಉಳಿದದ್ದು, ಜೆಡಿಎಸ್ ಕೈಲಿದ್ದದ್ದು ಎರಡೂ ಸೇರಿದರೆ ನಾಲ್ಕನೇ ಸ್ಥಾನ ಅವರದೇ. ಸೇರಲಿಲ್ಲ. ಇಬ್ಬರೂ ಬೇರೆ ಬೇರೆ ಅಭ್ಯರ್ಥಿ ಹಾಕಿದರು, ಬಿಜೆಪಿಯ ಮೂರನೇ ಅಭ್ಯರ್ಥಿ ಗೆದ್ದರು.

ಈ ಪದ್ಧತಿಯನ್ನೇ ಜನಸಾಮಾನ್ಯರ ಮತಗಟ್ಟೆಗೆ ತರಬಹುದೇ? ಸಂವಿಧಾನ ರಚನಾ ಸಭೆಯಲ್ಲೇ ಪ್ರಶ್ನೆ ಬಂತು. 1949ರ ಜನವರಿಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ತಿದ್ದುಪಡಿ ಮಂಡಿಸಿದರು. ಅಂಬೇಡ್ಕರ್ ಅವರು ಎರಡು ಕಾರಣ ಕೊಟ್ಟು ತಳ್ಳಿಹಾಕಿದರು. ಒಂದು ಸಾಕ್ಷರತೆ: ಪ್ರಾಶಸ್ತ್ಯ ಬರೆಯಲು ಮತದಾರರಿಗೆ ಕನಿಷ್ಠ ಅಂಕಿ ಬರಬೇಕು. ಇನ್ನೊಂದು ಸರ್ಕಾರದ ಸ್ಥಿರತೆ. 1951ರ ಜನಗಣತಿಯಲ್ಲಿ ಸಾಕ್ಷರತೆ ಶೇ 18ರಷ್ಟಿತ್ತು ಎಂಬುದನ್ನು ನೆನೆದರೆ ಮೊದಲ ಕಾರಣದ ತೂಕ ತಿಳಿಯುತ್ತದೆ. 2011ರ ಹೊತ್ತಿಗೆ ಅದು ಶೇ 74ರ ಆಸುಪಾಸು.

ಹಾಗಂತ ಅಂಕಿ ಬರೆಯುವ ಮತದಾನ ಸಲೀಸು ಎಂದುಕೊಳ್ಳಬೇಡಿ. ನಮ್ಮ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳನ್ನು ನೋಡಿ. ಮತದಾರರೆಲ್ಲ ಪದವೀಧರರು, ಅಧ್ಯಾಪಕರು. ಆದರೂ ಎಣಿಕೆಯ ದಿನ ಅಸಿಂಧು ಮತಗಳ ಕಟ್ಟು ಬೆಳೆಯುತ್ತದೆ. ಅಂಕಿಯ ಬದಲು ಟಿಕ್ ಹಾಕಿದವರು, ಇಬ್ಬರ ಮುಂದೆಯೂ 1 ಬರೆದವರು, ಸಹಿ ಮಾಡಿದವರು, ಆಯೋಗ ಕೊಟ್ಟ ನೇರಳೆ ಪೆನ್ನು ಬಿಟ್ಟು ಜೇಬಿನ ಪೆನ್ನು ತೆಗೆದವರು. ಪತ್ರಿಕೆಗಳು ಇಂಥವಕ್ಕೆ ‘ಕುಲಗೆಟ್ಟ ಮತ’ ಎಂದು ಬರೆಯುತ್ತಿದ್ದವು. ಮತಕ್ಕೂ ಕುಲ ಕಟ್ಟಿದ ನಮ್ಮ ಜಾಣ್ಮೆಗೆ ಏನನ್ನೋಣ. ಪೆನ್ನಿನ ವಿಷಯ ತಮಾಷೆಯಲ್ಲ. 2016ರ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಶಾಯಿ ಬೇರೆ ಎಂಬ ಕಾರಣಕ್ಕೇ ಹಲವು ಶಾಸಕರ ಮತ ತಿರಸ್ಕೃತವಾಗಿ ಫಲಿತಾಂಶ ತಿರುಗಿತು. ಮೇಲಾಗಿ, ನಮ್ಮ ಇವಿಎಂನಲ್ಲಿ ಒಂದು ಗುಂಡಿ ಒತ್ತಬಹುದು, ಕ್ರಮ ಹೇಳಲಾಗದು. ತೊಂಬತ್ತು ಕೋಟಿಗೂ ಹೆಚ್ಚು ಮತದಾರರಿರುವ ಚುನಾವಣೆಗೆ ಈ ದಾರಿ ಬೇಡ ಎಂದೇ ನನ್ನ ಅಭಿಪ್ರಾಯ.

ಆದರೆ ಸಾಕ್ಷರತೆಯ ಆಕ್ಷೇಪ ಪಟ್ಟಿ ಪದ್ಧತಿಗೆ ತಟ್ಟುವುದಿಲ್ಲ. ಅಲ್ಲಿ ಮತದಾರರು ಮಾಡಬೇಕಾದ್ದು ಈಗ ಮಾಡುವುದನ್ನೇ: ಚಿಹ್ನೆ ನೋಡಿ ಗುಂಡಿ ಒತ್ತುವುದು.

28 ಸ್ಥಾನ, ಎರಡು ಭಾಗಾಕಾರ

ಪಟ್ಟಿ ಪದ್ಧತಿಯಲ್ಲಿ ಪಕ್ಷ ತನ್ನ ಹೆಸರುಗಳ ಪಟ್ಟಿ ಕೊಡುತ್ತದೆ, ಮತ ಪಕ್ಷಕ್ಕೆ ಬೀಳುತ್ತದೆ, ಮತದ ಪ್ರಮಾಣದಲ್ಲಿ ಸ್ಥಾನ ಹಂಚುತ್ತಾರೆ. ಪ್ರಮಾಣ ಪೂರ್ಣಾಂಕವಾಗಿ ಬರುವುದಿಲ್ಲವಲ್ಲ, ಅದಕ್ಕೆ ಸೂತ್ರ ಬೇಕು. ಹೆಚ್ಚು ಬಳಕೆಯಲ್ಲಿರುವವು ಎರಡು. ಡಿ ಹೊಂಟ್ ಸೂತ್ರದಲ್ಲಿ ಪ್ರತಿ ಪಕ್ಷದ ಮತವನ್ನು 1, 2, 3, 4 ಹೀಗೆ ಭಾಗಿಸುತ್ತಾ ಹೋಗಿ, ಬಂದ ಭಾಗಲಬ್ಧಗಳಲ್ಲಿ ದೊಡ್ಡ 28ನ್ನು ಆರಿಸುತ್ತಾರೆ. ಸೇಂಟ್ ಲಾಗ್ಯೂ ಸೂತ್ರದಲ್ಲಿ 1, 3, 5, 7 ಎಂದು ಬೆಸ ಸಂಖ್ಯೆಗಳಿಂದ ಭಾಗಿಸುತ್ತಾರೆ. ವ್ಯತ್ಯಾಸ ಇಷ್ಟೇ.

ಈಗ ಆ ಮೂರು ಅಂಕಿ ತೆಗೆಯಿರಿ. ಡಿ ಹೊಂಟ್ ಪ್ರಕಾರ ಬಿಜೆಪಿಯ 14ನೇ ಸ್ಥಾನದ ಭಾಗಲಬ್ಧ 46.1 ಭಾಗಿಸು 14, ಅಂದರೆ 3.29. ಜೆಡಿಎಸ್‌ನ ಎರಡನೆಯದು 5.6 ಭಾಗಿಸು 2, ಅಂದರೆ 2.8. ಸ್ಥಾನ ಬಿಜೆಪಿಗೆ. ಹಂಚಿಕೆ 14, 13, 1. ಸೇಂಟ್ ಲಾಗ್ಯೂನಲ್ಲಿ ಬಿಜೆಪಿಯ 14ನೆಯದಕ್ಕೆ ಭಾಜಕ 27, ಬರುವುದು 1.71. ಜೆಡಿಎಸ್‌ನ ಎರಡನೆಯದಕ್ಕೆ ಭಾಜಕ 3, ಬರುವುದು 1.87. ಸ್ಥಾನ ಜೆಡಿಎಸ್‌ಗೆ. ಹಂಚಿಕೆ 13, 13, 2. ಡಿ ಹೊಂಟ್ ದೊಡ್ಡವರ ಕಡೆ ಸ್ವಲ್ಪ ವಾಲುತ್ತದೆ, ಸೇಂಟ್ ಲಾಗ್ಯೂ ಅಷ್ಟು ವಾಲುವುದಿಲ್ಲ. ಭಾಜಕದ ಸಾಲು ಯಾವುದು ಎಂದು ಮಸೂದೆಯ ಯಾವುದೋ ಅನುಸೂಚಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅಲ್ಲೇ ಒಂದು ಸ್ಥಾನ ಕೈ ಬದಲಾಯಿಸುತ್ತದೆ.

ಇಲ್ಲೊಂದು ಎಚ್ಚರಿಕೆ. 2024ರಲ್ಲಿ ಜೆಡಿಎಸ್ ಬಿಜೆಪಿ ಜೊತೆ ಮೈತ್ರಿ ಮಾಡಿ ಮಂಡ್ಯ, ಹಾಸನ, ಕೋಲಾರ ಮೂರರಲ್ಲೇ ನಿಂತಿತ್ತು. 5.6 ಎಂಬುದು ಆ ಮೂರು ಕ್ಷೇತ್ರಗಳ ಮತ. ಪದ್ಧತಿ ಬದಲಾದರೆ ಆ ಮೈತ್ರಿಯ ಅಗತ್ಯವೇ ಇರುವುದಿಲ್ಲ, 28 ಕ್ಷೇತ್ರಗಳಲ್ಲೂ ಆ ಚಿಹ್ನೆ ಇರುತ್ತದೆ, ‘ಗೆಲ್ಲದ ಪಕ್ಷಕ್ಕೆ ಹಾಕಿ ಮತ ಯಾಕೆ ಹಾಳು ಮಾಡಲಿ’ ಎಂಬ ಲೆಕ್ಕಾಚಾರವೂ ಸಡಿಲವಾಗುತ್ತದೆ. ಹಳೇ ಮತಕ್ಕೆ ಹೊಸ ಸೂತ್ರ ಹಚ್ಚಿ ‘ಹೀಗಾಗುತ್ತಿತ್ತು’ ಎನ್ನುವುದು ಸೂತ್ರ ಅರ್ಥ ಮಾಡಿಕೊಳ್ಳಲು ಸಾಕು, ಭವಿಷ್ಯ ಹೇಳಲು ಸಾಲದು.

ಹೊಸ್ತಿಲು ಎಲ್ಲಿಡಬೇಕು

ಪುಡಿ ಪಕ್ಷಗಳು ಸಂಸತ್ತಿಗೆ ನುಗ್ಗದಂತೆ ಕನಿಷ್ಠ ಮಿತಿ ಇಡುತ್ತಾರೆ. ಜರ್ಮನಿಯಲ್ಲಿ ಶೇ 5, ಇಸ್ರೇಲಿನಲ್ಲಿ ಶೇ 3.25, ನೇಪಾಳದಲ್ಲಿ ಶೇ 3. ನಮ್ಮ ಕಾನೂನು ಆಯೋಗವೂ 1999ರ ತನ್ನ 170ನೇ ವರದಿಯಲ್ಲಿ ಶೇ 5ರ ಮಾತಾಡಿತ್ತು. ಆ ವರದಿಯ ಮುಖ್ಯ ಸಲಹೆ, ಈಗಿನ ಕ್ಷೇತ್ರಗಳನ್ನು ಹಾಗೇ ಉಳಿಸಿ, ಲೋಕಸಭೆಗೆ ಇನ್ನೂ ಕಾಲುಭಾಗ ಸ್ಥಾನ ಸೇರಿಸಿ, ಅವನ್ನು ಪಟ್ಟಿ ಪದ್ಧತಿಯಿಂದ ತುಂಬುವುದು.

ಶೇ 5ನ್ನು ಇಡೀ ದೇಶದ ಮತಕ್ಕೆ ಹಿಡಿದರೆ ಏನಾಗುತ್ತದೆ? 2024ರಲ್ಲಿ ಬಿಜೆಪಿ ಶೇ 36.6, ಕಾಂಗ್ರೆಸ್ ಶೇ 21.2. ನಂತರದ ಸಮಾಜವಾದಿ ಪಕ್ಷ ಶೇ 4.6ರಷ್ಟು, ತೃಣಮೂಲ ಶೇ 4.4ರಷ್ಟು. ಹೊಸ್ತಿಲು ದಾಟಿದವರು ಇಬ್ಬರೇ! 37 ಸಂಸದರ ಸಮಾಜವಾದಿ ಪಕ್ಷವೂ ಹೊರಗೆ, ತಮಿಳುನಾಡನ್ನು ಗುಡಿಸಿದ ಡಿಎಂಕೆಯೂ ಹೊರಗೆ. ಸಣ್ಣವರಿಗೆ ನ್ಯಾಯ ಕೊಡಿಸಲು ಹೊರಟ ಪದ್ಧತಿ ದೊಡ್ಡ ಇಬ್ಬರಿಗೆ ಉಡುಗೊರೆಯಾಗುತ್ತದೆ. ನಮ್ಮಲ್ಲಿ ಹೊಸ್ತಿಲು ಇರುವುದಾದರೆ ರಾಜ್ಯವಾರು ಇರಬೇಕು, ಬೇರೆ ದಾರಿಯಿಲ್ಲ.

ಹೊಸ್ತಿಲಿನ ಅಂಚಿನಲ್ಲಿ ಅನ್ಯಾಯ ಇದ್ದೇ ಇರುತ್ತದೆ. 2025ರ ಜರ್ಮನ್ ಚುನಾವಣೆಯಲ್ಲಿ ಬಿಎಸ್‌ಡಬ್ಲ್ಯೂ ಎಂಬ ಪಕ್ಷ ಶೇ 4.98ಕ್ಕೆ ನಿಂತಿತು, ಹೊಸ್ತಿಲು ದಾಟಲು ಹತ್ತು ಸಾವಿರಕ್ಕೂ ಕಡಿಮೆ ಮತ ಸಾಲದೆ ಸೊನ್ನೆ. ನ್ಯೂಜಿಲೆಂಡಿನಲ್ಲಿ ಶೇ 5 ಅಥವಾ ಒಂದು ಕ್ಷೇತ್ರದಲ್ಲಿ ಗೆಲುವು, ಎರಡರಲ್ಲಿ ಒಂದಿದ್ದರೆ ಸಾಕು. 2008ರಲ್ಲಿ ಶೇ 4.07 ಪಡೆದ ನ್ಯೂಜಿಲೆಂಡ್ ಫಸ್ಟ್ ಪಕ್ಷಕ್ಕೆ ಏನೂ ಇಲ್ಲ, ಶೇ 3.65 ಪಡೆದ ಆಕ್ಟ್ ಪಕ್ಷಕ್ಕೆ ಎಪ್ಸಮ್ ಎಂಬ ಒಂದು ಕ್ಷೇತ್ರ ಗೆದ್ದ ಪುಣ್ಯಕ್ಕೆ ಐದು ಸ್ಥಾನ.

ಏಳು ಸ್ಥಾನದ ಕಥೆ

ಈಗ ಮುಖ್ಯ ಮಾತಿಗೆ ಬರೋಣ. ಕಾನೂನು ಆಯೋಗ ಹೇಳಿದಂತೆ ಕಾಲುಭಾಗ ಸೇರಿಸಿದರೆ ಕರ್ನಾಟಕಕ್ಕೆ 28ರ ಮೇಲೆ 7, ಒಟ್ಟು 35. ಆ ಏಳನ್ನು ಹಂಚಲು ಎರಡು ದಾರಿಗಳಿವೆ.

ಮೊದಲನೆಯದು ಜೊತೆಜೊತೆಗೆ ನಡೆಯುವ ಲೆಕ್ಕ. ಕ್ಷೇತ್ರಗಳ ಫಲಿತಾಂಶ ಅದರ ಪಾಡಿಗೆ ಅದು, ಏಳು ಸ್ಥಾನಗಳು ಮಾತ್ರ ಮತದ ಪ್ರಮಾಣದಲ್ಲಿ. ಸೇಂಟ್ ಲಾಗ್ಯೂ ಹಚ್ಚಿ: ಬಿಜೆಪಿಗೆ 4, ಕಾಂಗ್ರೆಸ್ಸಿಗೆ 3, ಜೆಡಿಎಸ್‌ಗೆ ಇಲ್ಲ. ಒಟ್ಟು 21, 12, 2.

ಎರಡನೆಯದು ಸರಿದೂಗಿಸುವ ಲೆಕ್ಕ. ಮೊದಲು 35ಕ್ಕೂ ಸೇರಿ ಯಾರಿಗೆ ಎಷ್ಟು ಸಲ್ಲಬೇಕು ಎಂದು ನೋಡುತ್ತಾರೆ: 17, 16, 2. ಬಿಜೆಪಿ ಕ್ಷೇತ್ರಗಳಲ್ಲೇ 17 ಗೆದ್ದಾಗಿದೆ, ಪಟ್ಟಿಯಿಂದ ಏನೂ ಇಲ್ಲ. ಜೆಡಿಎಸ್ 2 ಗೆದ್ದಾಗಿದೆ, ಏನೂ ಇಲ್ಲ. ಕಾಂಗ್ರೆಸ್ ಗೆದ್ದದ್ದು 9, ಸಲ್ಲಬೇಕಾದ್ದು 16. ಏಳಕ್ಕೆ ಏಳೂ ಅದಕ್ಕೇ.

ಅವೇ ಮತ, ಅವೇ ಏಳು ಸ್ಥಾನ, ಅದೇ ಸೂತ್ರ. ಒಂದು ಕಡೆ 4–3, ಇನ್ನೊಂದು ಕಡೆ 0–7. ‘ಕಾಲುಭಾಗ ಪ್ರಮಾಣಾನುಗುಣ’ ಎಂದು ಯಾರಾದರೂ ವೇದಿಕೆ ಮೇಲೆ ಹೇಳಿದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಜೊತೆಜೊತೆಯೋ, ಸರಿದೂಗಿಸುವುದೋ?

ನೇಪಾಳ ಮೊದಲನೇ ದಾರಿ ಹಿಡಿಯಿತು. 2015ರ ಸಂವಿಧಾನದ ಪ್ರಕಾರ 275ರಲ್ಲಿ 165 ನೇರ, 110 ಪಟ್ಟಿ. 2022ರಲ್ಲಿ ಪಟ್ಟಿಯ ಮತದಲ್ಲಿ ಯುಎಂಎಲ್ ಎಂಬ ಕಮ್ಯುನಿಸ್ಟ್ ಪಕ್ಷ ಶೇ 27ರ ಹತ್ತಿರ ಪಡೆದು ಮೊದಲು ಬಂತು, ನೇಪಾಳಿ ಕಾಂಗ್ರೆಸ್ ಶೇ 26ರ ಹತ್ತಿರ. ಆದರೆ ನೇರ ಕ್ಷೇತ್ರಗಳಲ್ಲಿ ಕಾಂಗ್ರೆಸ್ 57, ಯುಎಂಎಲ್ 44. ಒಟ್ಟು ಕಾಂಗ್ರೆಸ್ 89, ಯುಎಂಎಲ್ 78. ಮತದಲ್ಲಿ ಮುಂದಿದ್ದವರು ಸ್ಥಾನದಲ್ಲಿ ಹಿಂದೆ. ನಮ್ಮ 2018ರ ಕಾಯಿಲೆ ಅಲ್ಲಿ ಔಷಧ ಕುಡಿದ ಮೇಲೂ ಉಳಿಯಿತು.

ನ್ಯೂಜಿಲೆಂಡ್ ಎರಡನೇ ದಾರಿ ಹಿಡಿಯಿತು. 1978 ಮತ್ತು 1981ರಲ್ಲಿ ಸತತ ಎರಡು ಸಲ ಹೆಚ್ಚು ಮತ ಪಡೆದ ಲೇಬರ್ ಪಕ್ಷ ವಿರೋಧ ಪಕ್ಷದಲ್ಲೇ ಕೂತಿತು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ ಶೇ 20ಕ್ಕಿಂತ ಹೆಚ್ಚು ಮತ, ಸ್ಥಾನ ಎರಡು. 1986ರಲ್ಲಿ ಸರಿದೂಗಿಸುವ ಪದ್ಧತಿ ತನ್ನಿ ಎಂದು ರಾಯಲ್ ಕಮಿಷನ್ ಎಂಬ ಸರ್ಕಾರಿ ಆಯೋಗದ ವರದಿ, 1993ರಲ್ಲಿ ಅದರ ಪರ ಶೇ 54ರ ಹತ್ತಿರದ ಜನಮತ, 1996ರಲ್ಲಿ ಆ ಪದ್ಧತಿಯ ಮೊದಲ ಚುನಾವಣೆ. 2011ರಲ್ಲಿ ‘ಇದೇ ಇರಲಿ ಬಿಡಿ’ ಎಂದು ಮತ್ತೊಮ್ಮೆ ಜನರೇ ಹೇಳಿದರು.

ಆದರೆ ಸರಿದೂಗಿಸಲು ಪಟ್ಟಿಯಲ್ಲಿ ಸಾಕಷ್ಟು ಸ್ಥಾನ ಇರಬೇಕು. ನಮ್ಮ 2019ರ ಫಲಿತಾಂಶವನ್ನು ಇಟ್ಟು ನೋಡಿ: 35ರಲ್ಲಿ ಬಿಜೆಪಿಗೆ ಸಲ್ಲಬೇಕಾದ್ದು 19ರ ಆಸುಪಾಸು, ಕ್ಷೇತ್ರಗಳಲ್ಲೇ ಗೆದ್ದದ್ದು 25. ಏಳನ್ನೂ ಉಳಿದವರಿಗೆ ಕೊಟ್ಟರೂ ತಕ್ಕಡಿ ಸರಿಹೋಗುವುದಿಲ್ಲ. ಜರ್ಮನಿ ಇಂಥ ಸಂದರ್ಭದಲ್ಲಿ ಎದುರಾಳಿಗಳಿಗೂ ಸ್ಥಾನ ಸೇರಿಸುತ್ತಾ ಹೋಯಿತು. 299 ಕ್ಷೇತ್ರಗಳ ದೇಶದ ಸಂಸತ್ತು 2021ರಲ್ಲಿ 736ಕ್ಕೆ ಉಬ್ಬಿತು. 2023ರಲ್ಲಿ ಕಾನೂನು ಬದಲಿಸಿ 630ಕ್ಕೆ ಕಟ್ಟಿದರು. ಪರಿಣಾಮವಾಗಿ 2025ರಲ್ಲಿ ತಮ್ಮ ಕ್ಷೇತ್ರದಲ್ಲಿ ಮೊದಲ ಸ್ಥಾನ ಬಂದ 23 ಮಂದಿಗೆ ಸಂಸತ್ತಿನ ಬಾಗಿಲು ತೆರೆಯಲಿಲ್ಲ. ಮಂಡ್ಯದಲ್ಲೋ ಕಲಬುರಗಿಯಲ್ಲೋ ಗೆದ್ದವರಿಗೆ ‘ನಿಮಗೆ ಸ್ಥಾನ ಇಲ್ಲ’ ಎಂದು ಹೇಳಿ ನೋಡಿ! ನ್ಯೂಜಿಲೆಂಡಿನಲ್ಲಿ 120ರಲ್ಲಿ 48 ಪಟ್ಟಿಯವು, ಅಂದರೆ ಶೇ 40. ಕೆಲಸ ಮಾಡಬೇಕಾದರೆ ಅಷ್ಟಾದರೂ ಬೇಕು. ಕಾಲುಭಾಗ ಸೇರಿಸಿದರೆ ಒಟ್ಟಿನಲ್ಲಿ ಐದನೇ ಒಂದಾಗುತ್ತದೆ, ಶೇ 20. ಅದು ಅರೆಬರೆ.

ಪಟ್ಟಿ ಬರೆಯುವ ಕೈ

ಪಟ್ಟಿಯಲ್ಲಿ ಒಂದನೇ ಹೆಸರು ಯಾರದು, ಒಂಬತ್ತನೇ ಹೆಸರು ಯಾರದು? ಈ ಪದ್ಧತಿಯ ಬಗ್ಗೆ ನನಗಿರುವ ದೊಡ್ಡ ಅಳುಕು ಇಲ್ಲಿಯದೇ. ನಾಮಪತ್ರದ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಬಿ ಫಾರಂ ತಲುಪಿಸಲು ನಡೆಯುವ ಓಡಾಟ ಎಲ್ಲರಿಗೂ ಗೊತ್ತು. ಈಗ ಒಂದು ಕ್ಷೇತ್ರದ ಟಿಕೆಟ್ ಸಿಕ್ಕರೂ ಜನ ಸೋಲಿಸಬಹುದು. ಮುಚ್ಚಿದ ಪಟ್ಟಿಯಲ್ಲಿ, ಅಂದರೆ ಹೆಸರು ಮತ್ತು ಕ್ರಮವನ್ನು ಪಕ್ಷವೇ ತೀರ್ಮಾನಿಸುವ ಪಟ್ಟಿಯಲ್ಲಿ, ದೊಡ್ಡ ಪಕ್ಷದ ಮೊದಲ ಮೂರು ಹೆಸರುಗಳನ್ನು ಸೋಲಿಸುವ ಶಕ್ತಿ ಮತದಾರರ ಕೈಲಿ ಇರುವುದಿಲ್ಲ. ಪಟ್ಟಿ ಬರೆದಾಗಲೇ ಅವರು ಗೆದ್ದಾಗಿದೆ. ಅಂಥ ಸ್ಥಾನಕ್ಕೆ ಎಷ್ಟು ಬೆಲೆ ಬರುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

2008ರಲ್ಲಿ ನೇಪಾಳದ ಸಂವಿಧಾನ ಸಭೆಗೆ 601ರಲ್ಲಿ 335 ಸದಸ್ಯರು ಪಟ್ಟಿಯಿಂದ ಬಂದರು. ಪಟ್ಟಿಯಲ್ಲಿ ಕ್ರಮ ಇರಲಿಲ್ಲ. ಫಲಿತಾಂಶ ಬಂದ ಮೇಲೆ ಯಾವ ಹೆಸರು ಬೇಕೋ ಅದನ್ನು ಪಕ್ಷ ಆರಿಸಿಕೊಂಡಿತು. ಅದೇ ಸಭೆಗೆ ದಲಿತರು, ಜನಜಾತಿಯವರು, ದಕ್ಷಿಣದ ಬಯಲಿನ ಮಧೇಸಿಗಳು, ಮಹಿಳೆಯರು ಹಿಂದೆಂದೂ ಕಾಣದ ಸಂಖ್ಯೆಯಲ್ಲಿ ಬಂದದ್ದೂ ಪಟ್ಟಿಯಿಂದಲೇ ಎಂಬುದನ್ನು ಮರೆಯುವ ಹಾಗಿಲ್ಲ. ಮುಂದೆ ಅದೇ ಪಟ್ಟಿಗಳಲ್ಲಿ ನಾಯಕರ ನೆಂಟರಿಷ್ಟರು, ಹಣವಂತರು ಕಾಣಿಸಿಕೊಂಡರು ಎಂಬ ದೂರೂ ಎದ್ದಿತು.

ಹಾಗಾದರೆ ಕ್ರಮವನ್ನು ಮತದಾರರಿಗೇ ಬಿಡೋಣ ಎಂದರೆ ಶ್ರೀಲಂಕಾ ನೋಡಬೇಕು. 1977ರಲ್ಲಿ ಅಲ್ಲಿ ಯುನೈಟೆಡ್ ನ್ಯಾಷನಲ್ ಪಾರ್ಟಿ (ಯುಎನ್‌ಪಿ) ಶೇ 51ರಷ್ಟು ಮತಕ್ಕೆ 168ರಲ್ಲಿ 140 ಗೆದ್ದಿತ್ತು. ಶೇ 30ರ ಹತ್ತಿರ ಮತ ಪಡೆದ ಶ್ರೀಲಂಕಾ ಫ್ರೀಡಂ ಪಾರ್ಟಿಗೆ (ಎಸ್‌ಎಲ್‌ಎಫ್‌ಪಿ) 8. ಶೇ 6ರ ಮೇಲಿಷ್ಟು ಮತ ಪಡೆದು ಉತ್ತರ ಮತ್ತು ಪೂರ್ವದಲ್ಲಿ ಗಟ್ಟಿಯಾಗಿದ್ದ ತಮಿಳರ ಟಿಯುಎಲ್‌ಎಫ್‌ಗೆ 18, ಅಧಿಕೃತ ವಿರೋಧ ಪಕ್ಷವೇ ಅದು. ಹಾಗೆ ಗೆದ್ದ ಸರ್ಕಾರವೇ 1978ರ ಸಂವಿಧಾನದಲ್ಲಿ ಪ್ರಮಾಣಾನುಗುಣ ಪದ್ಧತಿ ತಂದದ್ದು ವಿಚಿತ್ರ. ಮುಂದೆ ಎದುರಾಳಿಗೆ ಇಂಥ ಬಹುಮತ ಸಿಗದಿರಲಿ ಎಂಬ ಎಣಿಕೆ ಅದರಲ್ಲಿತ್ತು. ಈಗ 225ರಲ್ಲಿ 196 ಸ್ಥಾನ 22 ಜಿಲ್ಲೆಗಳಿಂದ, 29 ರಾಷ್ಟ್ರೀಯ ಪಟ್ಟಿಯಿಂದ. ಮತದಾರರು ಪಕ್ಷಕ್ಕೆ ಮತ ಹಾಕಿ, ಅದೇ ಪಕ್ಷದ ಮೂವರ ಸಂಖ್ಯೆಗೆ ಗುರುತು ಹಾಕಬಹುದು. ಸಿಂಹಳದಲ್ಲಿ ಇದಕ್ಕೆ ‘ಮನಾಪೆ’ ಎನ್ನುತ್ತಾರೆ. ಎದುರಾಳಿ ಪಕ್ಷದವರಿಗಿಂತ ಸ್ವಂತ ಪಕ್ಷದವರೇ ಶತ್ರುಗಳಾದರು. ಇಡೀ ಜಿಲ್ಲೆ ಸುತ್ತಬೇಕು, ಖರ್ಚು ಏರಿತು, ಒಂದೇ ಪಕ್ಷದ ಬೆಂಬಲಿಗರ ನಡುವೆ ಹೊಡೆದಾಟಗಳಾದವು. ಜಿಲ್ಲೆಯಲ್ಲಿ ಸೋತವರು ರಾಷ್ಟ್ರೀಯ ಪಟ್ಟಿಯ ಹಿಂಬಾಗಿಲಿನಿಂದ ಒಳಬಂದ ಉದಾಹರಣೆಗಳೂ ಇವೆ.

ಎರಡರಲ್ಲೂ ಕೇಡಿದೆ. ನನ್ನನ್ನು ಕೇಳಿದರೆ, ಕ್ರಮ ಸಮೇತ ಮುಚ್ಚಿದ ಪಟ್ಟಿ ಇರಲಿ, ಆದರೆ ಅದು ನಾಮಪತ್ರದ ಜೊತೆಗೇ ಸಲ್ಲಿಕೆಯಾಗಿ ಪ್ರಕಟವಾಗಬೇಕು, ಆಮೇಲೆ ಅಕ್ಷರವೂ ಬದಲಾಗಬಾರದು, ಪಕ್ಷದ ಒಳಗೆ ಮತದಾನ ನಡೆದ ದಾಖಲೆ ಇಲ್ಲದ ಪಟ್ಟಿಯನ್ನು ಚುನಾವಣಾಧಿಕಾರಿ ಪರಿಶೀಲನೆಯ ದಿನವೇ ತಿರಸ್ಕರಿಸಬೇಕು.

ಪಟ್ಟಿಗೆ ನಮ್ಮ ರಾಜ್ಯದವರು ತಕ್ಷಣ ಗುರುತಿಸಬಹುದಾದ ಒಂದು ಲಾಭವಿದೆ. 2019ರಲ್ಲಿ 17 ಶಾಸಕರು ಅನರ್ಹರಾಗಿ, ಡಿಸೆಂಬರಿನಲ್ಲಿ 15 ಕಡೆ ಉಪಚುನಾವಣೆ ನಡೆದು, ಬಿಜೆಪಿ 12 ಗೆದ್ದಿತು. ರಾಜೀನಾಮೆ ಕೊಟ್ಟು ಬೇರೆ ಚಿಹ್ನೆಯಲ್ಲಿ ಗೆದ್ದು ಬರಬಹುದು ಎಂಬುದೇ ‘ಆಪರೇಷನ್’ನ ಬಂಡವಾಳ. ಪಟ್ಟಿಯಿಂದ ಬಂದವರು ರಾಜೀನಾಮೆ ಕೊಟ್ಟರೆ ಉಪಚುನಾವಣೆ ಇರುವುದಿಲ್ಲ, ಅದೇ ಪಕ್ಷದ ಪಟ್ಟಿಯ ಮುಂದಿನ ಹೆಸರು ಒಳಬರುತ್ತದೆ. ಖರೀದಿಸಿದರೆ ಕೊಂಡವರಿಗೆ ಕೈಗೆ ಏನೂ ಹತ್ತುವುದಿಲ್ಲ. ಕ್ಷೇತ್ರದಿಂದ ಗೆದ್ದವರ ವಿಷಯದಲ್ಲಿ ಮಾತ್ರ ಈಗಿನ ಕಥೆಯೇ.

ಮೀಸಲು, ಸ್ಥಿರತೆ, ಯಂತ್ರ

ಲೋಕಸಭೆಯಲ್ಲಿ ಪರಿಶಿಷ್ಟ ಜಾತಿಗೆ 84, ಪರಿಶಿಷ್ಟ ಪಂಗಡಕ್ಕೆ 47 ಕ್ಷೇತ್ರ ಮೀಸಲು. ಕ್ಷೇತ್ರಗಳನ್ನು ಉಳಿಸಿಕೊಂಡರೆ ಇದಕ್ಕೆ ಧಕ್ಕೆಯಿಲ್ಲ. ಪಟ್ಟಿಯಲ್ಲಿ ಮಾತ್ರ ‘ಇಷ್ಟು ಮಂದಿ ಇರಬೇಕು’ ಎಂದರೆ ಸಾಲದು, ‘ಎಷ್ಟನೇ ಜಾಗದಲ್ಲಿ’ ಎಂದೂ ಬರೆಯಬೇಕು. ಇಲ್ಲದಿದ್ದರೆ ಪಟ್ಟಿಯ ಬಾಲದಲ್ಲಿ ಹೆಸರು ತುಂಬಿ ಕೈತೊಳೆದುಕೊಳ್ಳುತ್ತಾರೆ. ಮಹಿಳೆಯರಿಗೆ ಒಂದು ಬಿಟ್ಟು ಒಂದು ಹೆಸರು ಎಂಬ ನಿಯಮ ಹಲವು ದೇಶಗಳಲ್ಲಿದೆ. 2023ರ 106ನೇ ತಿದ್ದುಪಡಿಯ ಮೂರನೇ ಒಂದು ಮೀಸಲನ್ನು ಪಟ್ಟಿಯಲ್ಲಿ ಜಾರಿಗೊಳಿಸುವುದು ಕ್ಷೇತ್ರಗಳನ್ನು ಸರದಿಯಲ್ಲಿ ತಿರುಗಿಸುವುದಕ್ಕಿಂತ ಸುಲಭ.

ಒಂದು ಕ್ಷೇತ್ರಕ್ಕೆ ಒಬ್ಬರೇ ಎಂಬುದು ಸಂವಿಧಾನದ ಮಾತೇ ಅಲ್ಲ ಎಂಬುದನ್ನೂ ಗಮನಿಸಿ. 81ನೇ ವಿಧಿ ಪ್ರಾದೇಶಿಕ ಕ್ಷೇತ್ರ ಎನ್ನುತ್ತದೆ, ಕ್ಷೇತ್ರಕ್ಕೆ ಹಂಚಿದ ‘ಸ್ಥಾನಗಳ ಸಂಖ್ಯೆ’ ಎನ್ನುತ್ತದೆ. 1952ರಲ್ಲಿ 489 ಸಂಸದರು ಬಂದದ್ದು 401 ಕ್ಷೇತ್ರಗಳಿಂದ: 314 ಏಕಸದಸ್ಯ, 86 ದ್ವಿಸದಸ್ಯ, ಒಂದು ತ್ರಿಸದಸ್ಯ. 1957ರಲ್ಲಿ ಪಾರ್ವತೀಪುರಂ ದ್ವಿಸದಸ್ಯ ಕ್ಷೇತ್ರದಲ್ಲಿ ಸಾಮಾನ್ಯ ಸ್ಥಾನಕ್ಕೆ ನಿಂತ ವಿ.ವಿ. ಗಿರಿ ಅವರಿಗಿಂತ ಇಬ್ಬರು ಬುಡಕಟ್ಟು ಅಭ್ಯರ್ಥಿಗಳಿಗೆ ಹೆಚ್ಚು ಮತ ಬಂದು ಎರಡೂ ಸ್ಥಾನ ಅವರಿಗೇ ಹೋಯಿತು. ಸುಪ್ರೀಂ ಕೋರ್ಟ್ 1959ರಲ್ಲಿ ಅದನ್ನು ಎತ್ತಿಹಿಡಿಯಿತು, 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳನ್ನೇ ಕಾಯ್ದೆ ತಂದು ಕೈಬಿಟ್ಟರು.

ಸ್ಥಿರತೆಯ ವಾದವನ್ನು ಬೇಗ ಮುಗಿಸುತ್ತೇನೆ. 2019ರಿಂದ 2022ರೊಳಗೆ ಇಸ್ರೇಲ್ ಐದು ಚುನಾವಣೆ ಕಂಡಿತು, ನಿಜ. 2010–11ರಲ್ಲಿ ಸರ್ಕಾರ ರಚಿಸಲು ಬೆಲ್ಜಿಯಂಗೆ 541 ದಿನ ಹಿಡಿಯಿತು, ಅದೂ ನಿಜ. ಆದರೆ 2024ರಲ್ಲಿ ಶ್ರೀಲಂಕಾದಲ್ಲಿ ಇದೇ ಪದ್ಧತಿಯಲ್ಲಿ ಎನ್‌ಪಿಪಿ ಎಂಬ ಮೈತ್ರಿಕೂಟ 225ರಲ್ಲಿ 159 ಗೆದ್ದಿತು. ಇತ್ತ ನಮ್ಮ ‘ಸ್ಥಿರ’ ಪದ್ಧತಿ 1989ರಿಂದ 2009ರವರೆಗೆ ಸತತ ಏಳು ಲೋಕಸಭಾ ಚುನಾವಣೆಗಳಲ್ಲಿ ಯಾವ ಪಕ್ಷಕ್ಕೂ ಬಹುಮತ ಕೊಡಲಿಲ್ಲ. ಸ್ಥಿರತೆಗೆ ಚುನಾವಣಾ ಪದ್ಧತಿ ಒಂದು ಕಾರಣ, ಒಂದೇ ಕಾರಣವಲ್ಲ.

ಮತಗಟ್ಟೆಯ ವ್ಯವಸ್ಥೆ ಅಷ್ಟು ಕಷ್ಟದ್ದಲ್ಲ. ಲೋಕಸಭೆ, ವಿಧಾನಸಭೆ ಒಟ್ಟಿಗೆ ನಡೆದಾಗ ಎರಡು ಯಂತ್ರ ಇಡುವುದು ನಮಗೆ ಹೊಸದಲ್ಲ. 2004ರಲ್ಲಿ ಕರ್ನಾಟಕದಲ್ಲೇ ನಡೆದಿದೆ. ಒಂದರಲ್ಲಿ ಅಭ್ಯರ್ಥಿ, ಇನ್ನೊಂದರಲ್ಲಿ ಪಕ್ಷ. ಒಂದು ಬ್ಯಾಲಟ್ ಯೂನಿಟ್‌ನಲ್ಲಿ ನೋಟಾ ಸೇರಿ 16 ಗುಂಡಿ. ತೊಡಕು ಇರುವುದು ಪಕ್ಷೇತರರಲ್ಲಿ: ಒಬ್ಬ ವ್ಯಕ್ತಿಯ ಪಟ್ಟಿ ಒಪ್ಪಬೇಕೇ? ದೊಡ್ಡ ಪಕ್ಷವೇ ತನ್ನ ಕ್ಷೇತ್ರದ ಅಭ್ಯರ್ಥಿಗಳನ್ನು ಪಕ್ಷೇತರರೆಂದು ನಿಲ್ಲಿಸಿ, ಪಟ್ಟಿಯ ಲೆಕ್ಕದಲ್ಲಿ ‘ನಾವು ಏನೂ ಗೆದ್ದಿಲ್ಲ’ ಎಂದು ಕೈಚಾಚಿದರೆ ಏನು ಮಾಡಬೇಕು? ಸರಿದೂಗಿಸುವ ಪದ್ಧತಿಗೆ ಇರುವ ಅತಿ ಚತುರ ಮೋಸ ಇದು, ಇದಕ್ಕೆ ಕಾಯ್ದೆಯಲ್ಲೇ ಬೇಲಿ ಹಾಕಬೇಕು. ಸಿಕ್ಕಿಂ, ಮಿಜೋರಾಂ, ನಾಗಾಲ್ಯಾಂಡ್‌ನಂಥ ಒಂದೇ ಸ್ಥಾನದ ರಾಜ್ಯಗಳಲ್ಲಿ ಪ್ರಮಾಣ ಎಂಬ ಮಾತಿಗೇ ಅರ್ಥವಿಲ್ಲ; ಅಲ್ಲಿ ಈಗಿನ ಪದ್ಧತಿಯೇ ಮುಂದುವರಿಯಬೇಕು.

ಕೊನೆಗೆ, ದಕ್ಷಿಣದಲ್ಲಿ ಈ ಮಾತೆತ್ತಿದರೆ ಬರುವ ಪ್ರಶ್ನೆ ಕ್ಷೇತ್ರ ಪುನರ್ವಿಂಗಡಣೆಯದು, ಅಂದರೆ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳನ್ನು ಮತ್ತೆ ಹಂಚುವುದರದು. ಪಕ್ಷಗಳ ನಡುವಿನ ನ್ಯಾಯ ಬೇರೆ, ರಾಜ್ಯಗಳ ನಡುವಿನ ಪಾಲು ಬೇರೆ. ಆದರೆ ಸೇರಿಸುವ ಸ್ಥಾನಗಳನ್ನು ರಾಜ್ಯಗಳಿಗೆ ಯಾವ ಅಳತೆಯಲ್ಲಿ ಕೊಡುತ್ತೀರಿ ಎಂದ ತಕ್ಷಣ ಎರಡೂ ಹೆಣೆದುಕೊಳ್ಳುತ್ತವೆ. 543ರ ಕಾಲುಭಾಗ 136 ಎಂದಿಟ್ಟುಕೊಳ್ಳಿ. ಈಗಿನ ಸ್ಥಾನಗಳ ಅನುಪಾತದಲ್ಲಿ ಹಂಚಿದರೆ ಉತ್ತರ ಪ್ರದೇಶಕ್ಕೆ 20, ತಮಿಳುನಾಡಿಗೆ 10, ಕೇರಳಕ್ಕೆ 5. 2011ರ ಜನಸಂಖ್ಯೆಯ ಅನುಪಾತದಲ್ಲಿ ಹಂಚಿದರೆ ಉತ್ತರ ಪ್ರದೇಶಕ್ಕೆ 22, ತಮಿಳುನಾಡಿಗೆ 8, ಕೇರಳಕ್ಕೆ 4. ಕರ್ನಾಟಕಕ್ಕೆ ಎರಡೂ ಲೆಕ್ಕದಲ್ಲಿ ಅದೇ ಏಳು.